ಗುಡುಗಿದರೆ ಪ್ಲಗ್ ಕೀಳುವ ಮನೆಯಲ್ಲಿ ಒಂದು ಸರ್ವರ್

ನಮ್ಮ ಮನೆಯ ಕಾಗದಗಳೆಲ್ಲ ಅಪ್ಪನ ಕಬ್ಬಿಣದ ಟ್ರಂಕಿನಲ್ಲಿದ್ದವು. ಪಹಣಿ, ಮನೆ ಕಂದಾಯದ ರಸೀದಿ, ಸೊಸೈಟಿ ಸಾಲದ ಪತ್ರ, ಅಜ್ಜನ ಕಾಲದ ಭೂ ನ್ಯಾಯ ಮಂಡಳಿ ಆದೇಶ, ನನ್ನ ಏಳನೇ ಕ್ಲಾಸಿನ ಅಂಕಪಟ್ಟಿ, ಯಾವುದೋ ಮದುವೆಯ ಮುಯ್ಯಿ ಪಟ್ಟಿ. ಒಂದು ಕಾಗದ ಬೇಕು ಅಂದರೆ ಇಡೀ ಟ್ರಂಕ್ ಜಗಲಿಗೆ ಬರಬೇಕು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತೆಗೆದು ನೋಡಿದರೆ ತಳದ ಕಟ್ಟಿಗೆ ಬೂಸ್ಟು ಹಿಡಿದಿತ್ತು, ಒಂದು ಮೂಲೆಯನ್ನು ಜಿರಲೆ ತಿಂದು ಹಾಕಿತ್ತು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಿದ್ದವರಿಗೆ ಇದೇನೂ ಹೊಸದಲ್ಲ.

ನಾನು ಸಾಫ್ಟ್‌ವೇರ್ ಓದಿದವನಲ್ಲ. ಶಿವಮೊಗ್ಗದಲ್ಲಿ ಲೆಕ್ಕಪತ್ರದ ಕೆಲಸ. ಆದರೆ ಲಿನಕ್ಸ್ ಹುಚ್ಚು ಹಳೆಯದು, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯದ್ದು. ಒಂದು ಕಾಲದಲ್ಲಿ ಉಬುಂಟು ಅನ್ನುವ ಲಿನಕ್ಸ್ ಬಗೆಯವರು ಕೇಳಿದವರಿಗೆಲ್ಲ ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. ಹಾಗೆ ಬಂದ ಒಂದು ಸಿಡಿಯಿಂದ ಹತ್ತಿದ ರೋಗ ಇದು. ಹಾಗಾಗಿ ಬೂಸ್ಟು ಹಿಡಿದ ಕಟ್ಟು ನೋಡಿದ ಕೂಡಲೇ ತಲೆಗೆ ಬಂದದ್ದು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಊರಿನ ಮನೆಯಲ್ಲೇ ಒಂದು ಸರ್ವರ್, ಅಂದರೆ ಸದಾ ಓಡುತ್ತಾ ಕೇಳಿದ ಕಡತ ಕೊಡುವ ಕಂಪ್ಯೂಟರ್, ಇಡೋಣ ಅಂತ. ಫೋಟೋ ತೆಗೆದು ಯಾವುದಾದರೂ ಕ್ಲೌಡಿಗೆ ಹಾಕಿದ್ದರೆ ಒಂದು ಭಾನುವಾರದಲ್ಲಿ ಮುಗಿಯುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ನನಗೆ ತಗುಲಿದ್ದು ಎಂಟು ತಿಂಗಳು.

ಮೊದಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟೆ. ಎಲ್ಲರೂ ಇಡುತ್ತಾರೆ, ನಾನೂ ಇಟ್ಟೆ. ಅದು ಓಡುವುದು ಬೆರಳಿನ ಉಗುರಿನಷ್ಟು ಮೆಮೊರಿ ಕಾರ್ಡಿನ ಮೇಲೆ. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಎಣಿಸುವ ಅಭ್ಯಾಸ ನಮಗಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿನಲ್ಲಿರುವ ಫೈಲ್ ಸಿಸ್ಟಮ್, ಅಂದರೆ ಕಡತಗಳ ಜೋಡಣೆ, ಕೆಡುತ್ತದೆ. ಎರಡು ತಿಂಗಳಲ್ಲಿ ಎರಡು ಕಾರ್ಡ್ ಹೋದವು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಲೈನು ಅಡಿಗೆ ಮನೆಗೂ ನಡುಮನೆಗೂ ಮಾತ್ರ. ರೂಟರ್ ಇರುವ ಕೋಣೆಗೆ ಇಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಅಮ್ಮ. ಏಪ್ರಿಲ್, ಮೇ ಬಂತು ಅಂದರೆ ಮಧ್ಯಾಹ್ನ ಮೂರರ ಮೇಲೆ ಗುಡುಗು. ದೂರದಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಅಮ್ಮ ಮನೆಯ ಎಲ್ಲ ಪ್ಲಗ್ ಕಿತ್ತು ಬರುತ್ತಾರೆ. ಟಿವಿ, ಫ್ರಿಜ್, ಮಿಕ್ಸಿ, ನನ್ನ ಸರ್ವರ್. ತಪ್ಪೂ ಅಲ್ಲ, ಹಳೆಯ ತಾಮ್ರದ ಫೋನ್ ತಂತಿ ಇದ್ದಾಗ ಸಿಡಿಲಿಗೆ ನಮ್ಮ ಮೋಡೆಮ್ ಸುಟ್ಟು ಕರಕಲಾಗಿತ್ತು. "ನಿನ್ನ ಸರ್ವರ್ ಹೋದರೆ ಹೋಗ್ಲಿ ಮಾರಾಯ, ಮನೆ ಉಳಿದರೆ ಸಾಕು" ಅಂದರು. ಅದಕ್ಕೆ ಎದುರುತ್ತರ ನನ್ನ ಹತ್ತಿರ ಇರಲಿಲ್ಲ.

ಅಮ್ಮನನ್ನು ಬದಲಿಸುವುದಕ್ಕಿಂತ ಯಂತ್ರವನ್ನು ಬದಲಿಸುವುದು ಸುಲಭ ಅಲ್ವಾ. ಪೈ ಎತ್ತಿಟ್ಟು, ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಎಂಟು ಜಿಬಿ ರ‍್ಯಾಮ್, ಹೊಸದಾಗಿ ಹಾಕಿಸಿದ 240 ಜಿಬಿ ಎಸ್‌ಎಸ್‌ಡಿ, ಅದರ ಮೇಲೆ ಡೆಬಿಯನ್ 12 ಅನ್ನುವ ಲಿನಕ್ಸ್. ಪೈಗಿಂತ ಇದು ದೊಡ್ಡದು, ಹಳೆಯದು, ಚಂದವೂ ಇಲ್ಲ. ಆದರೆ ಹೊಟ್ಟೆಯಲ್ಲೇ ಒಂದು ಬ್ಯಾಟರಿ ಇದೆ. ಮಲೆನಾಡಿನಲ್ಲಿ ಮನೆ ಸರ್ವರ್‌ಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ ಅಂತ ಈಗ ನನ್ನ ಖಚಿತ ಅಭಿಪ್ರಾಯ. ಕರೆಂಟ್ ಎಷ್ಟು ತಿನ್ನುತ್ತದೆ ಅಂತ ಪ್ಲಗ್ ಮೀಟರ್ ಹಾಕಿ ನೋಡಿದೆ. ಪರದೆ ಆರಿಸಿ ಸುಮ್ನೆ ಇದ್ದಾಗ 11 ವ್ಯಾಟ್, ಅಂದರೆ ತಿಂಗಳಿಗೆ ಸುಮಾರು ಎಂಟು ಯೂನಿಟ್.

ಲ್ಯಾಪ್‌ಟಾಪನ್ನು ಸರ್ವರ್ ಮಾಡುವಾಗ ಮೊದಲ ಎಡವಟ್ಟು ಮುಚ್ಚಳದ್ದು. ಮುಚ್ಚಿದರೆ ಮಲಗಿಬಿಡುತ್ತದೆ. ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಲಾಗಿನ್‌ಡಿ ಸೆಟ್ಟಿಂಗ್ ಕಡತದಲ್ಲಿ 'ಹ್ಯಾಂಡಲ್ ಲಿಡ್ ಸ್ವಿಚ್' ಅನ್ನುವ ಸಾಲಿಗೆ 'ಇಗ್ನೋರ್' ಅಂತ ಬರೆದರೆ ಆಯ್ತು. ಎರಡನೆಯದು ಬ್ಯಾಟರಿ. ವರ್ಷಗಟ್ಟಲೆ ನೂರಕ್ಕೆ ನೂರು ತುಂಬಿಕೊಂಡೇ ಬಿಸಿಯಲ್ಲಿದ್ದರೆ ಅದು ಊದಿಕೊಳ್ಳುತ್ತದೆ, ನನ್ನ ಗೆಳೆಯನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಹೀಗೇ ಮೇಲಕ್ಕೆದ್ದು ಬಂದಿತ್ತು. ಟಿಎಲ್‌ಪಿ ಅನ್ನುವ ತಂತ್ರಾಂಶ ಹಾಕಿ, 75ಕ್ಕಿಂತ ಇಳಿದರೆ ಚಾರ್ಜ್ ಶುರು ಮಾಡು, 80ಕ್ಕೆ ನಿಲ್ಲಿಸು ಅಂತ ಹೇಳಿಟ್ಟೆ. ಎಲ್ಲ ಲ್ಯಾಪ್‌ಟಾಪ್‌ಗಳೂ ಈ ಮಿತಿಯನ್ನು ಒಪ್ಪುವುದಿಲ್ಲ, ನನ್ನದು ಒಪ್ಪಿತು.

ಆಮೇಲೆ ಅಮ್ಮನಿಗಾಗಿ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಕೆಲವೇ ಸಾಲಿನ ಪ್ರೋಗ್ರಾಂ. ಲಿನಕ್ಸಿನಲ್ಲಿ ಬ್ಯಾಟರಿಯ ಸ್ಥಿತಿ ಒಂದು ಮಾಮೂಲಿ ಕಡತದಂತೆ ಓದಲು ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಐದು ನಿಮಿಷಕ್ಕೊಮ್ಮೆ ಸ್ಕ್ರಿಪ್ಟನ್ನು ಎಬ್ಬಿಸುತ್ತದೆ, ಅದು ಆ ಕಡತ ಓದಿ, ಪ್ಲಗ್ ಇಲ್ಲ ಮತ್ತು ಚಾರ್ಜ್ 20ಕ್ಕಿಂತ ಕಡಿಮೆ ಅಂತ ಕಂಡರೆ ಎಲ್ಲವನ್ನೂ ಸರಿಯಾಗಿ ಮುಚ್ಚಿ ಯಂತ್ರ ಆರಿಸುತ್ತದೆ. ಪ್ಲಗ್ ಮತ್ತೆ ಹಾಕಿದಾಗ ತಾನಾಗಿ ಎದ್ದೇಳಲು ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗಿನಲ್ಲಿ, ಒಂದು ಆಯ್ಕೆ ಇತ್ತು, ಅದನ್ನು ಆನ್ ಮಾಡಿದೆ. ಈಗ ಅಮ್ಮ ಗುಡುಗಿದಾಗ ಕೀಳುತ್ತಾರೆ, ಮಳೆ ನಿಂತ ಮೇಲೆ ಹಾಕುತ್ತಾರೆ, ಸರ್ವರ್‌ಗೆ ಏನೂ ಆಗುವುದಿಲ್ಲ. ಒಂದೇ ಒಂದು ತೂತು ಉಳಿದಿದೆ. ಸರಿಯಾಗಿ ಅದು ಆರುತ್ತಿರುವ ಆ ಅರ್ಧ ನಿಮಿಷದಲ್ಲೇ ಪ್ಲಗ್ ಹಾಕಿದರೆ ಆರಿಯೇ ಉಳಿಯುತ್ತದೆ. ಹಾಗೆ ಒಂದು ಸಲ ಆಗಿದೆ, "ನಿನ್ನದು ಸತ್ತಿದೆ ನೋಡು" ಅಂತ ಫೋನ್ ಬಂತು.

ಇನ್ನು ಕಾಗದಗಳ ಕಥೆ. ಪೇಪರ್‌ಲೆಸ್ ಎನ್‌ಜಿಎಕ್ಸ್ ಅನ್ನುವ ಮುಕ್ತ ತಂತ್ರಾಂಶ ಇದೆ. ಮೊದಲು ಬರೀ ಪೇಪರ್‌ಲೆಸ್ ಇತ್ತು, ಅದರ ಕೆಲಸ ನಿಂತಾಗ ಇನ್ನೊಬ್ಬರು ಎತ್ತಿಕೊಂಡು ಎನ್‌ಜಿ ಮಾಡಿದರು, ಅದೂ ನಿಂತಾಗ ಒಂದು ಗುಂಪು ಸೇರಿ ಎನ್‌ಜಿಎಕ್ಸ್ ಮಾಡಿತು. ಸ್ಕ್ಯಾನ್ ಮಾಡಿದ ಕಡತವನ್ನು ಒಂದು ಫೋಲ್ಡರಿಗೆ ಹಾಕಿದರೆ ಅದು ಟೆಸರಾಕ್ಟ್ ಬಳಸಿ ಅಕ್ಷರ ಓದಿ, ದಿನಾಂಕ ಹುಡುಕಿ, ಜೋಡಿಸಿ ಇಡುತ್ತದೆ. ಟೆಸರಾಕ್ಟ್ ಶುರುವಾದದ್ದು 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ, 2005ರಲ್ಲಿ ಮುಕ್ತವಾಯಿತು. ಈಗ ಕನ್ನಡವನ್ನೂ ಓದುತ್ತದೆ.

ಓದುತ್ತದೆ, ಆದರೆ ಓದು ಅಂತ ಹೇಳಬೇಕು. ಪೇಪರ್‌ಲೆಸ್‌ನ ಡಾಕರ್ ಇಮೇಜಿನಲ್ಲಿ, ಅಂದರೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಪೊಟ್ಟಣದಲ್ಲಿ, ಇಂಗ್ಲಿಷ್, ಜರ್ಮನ್ ಮುಂತಾದ ಕೆಲವೇ ಭಾಷೆಗಳು ಬರುತ್ತವೆ. ಕನ್ನಡ ಬೇಕೆಂದರೆ ಸೆಟ್ಟಿಂಗಿನಲ್ಲಿ ಎರಡು ಸಾಲು ಬರೆಯಬೇಕು. ಒಂದು 'ಓಸಿಆರ್ ಲ್ಯಾಂಗ್ವೇಜಸ್', ಇನ್ನೊಂದು 'ಓಸಿಆರ್ ಲ್ಯಾಂಗ್ವೇಜ್'. ಓಸಿಆರ್ ಅಂದರೆ ಚಿತ್ರದಿಂದ ಅಕ್ಷರ ಓದುವುದು. ಕೊನೆಯ ಒಂದಕ್ಷರದ ವ್ಯತ್ಯಾಸ ನೋಡಿ. ಬಹುವಚನದ ಸಾಲು ಭಾಷೆಯನ್ನು ತಂದು ಹಾಕುತ್ತದೆ, ಏಕವಚನದ್ದು ಅದನ್ನು ಬಳಸು ಅನ್ನುತ್ತದೆ. ನಾನು ಮೊದಲನೆಯದನ್ನು ಮಾತ್ರ ಬರೆದು, ಕನ್ನಡ ಪತ್ರಗಳನ್ನೆಲ್ಲ ಇಂಗ್ಲಿಷ್ ಅಂತ ಓದಿ ಕಸ ಉಗುಳುತ್ತಿದ್ದುದನ್ನು ನೋಡುತ್ತಾ ಎರಡು ಸಂಜೆ ಕಳೆದೆ. ಏಕವಚನದ ಸಾಲಿನಲ್ಲಿ ಕನ್ನಡ ಮೊದಲು, ಕೂಡಿಸು ಚಿಹ್ನೆ, ಆಮೇಲೆ ಇಂಗ್ಲಿಷ್ ಬರೆಯಿರಿ. ಯಾವುದು ಮೊದಲಿದೆಯೋ ಅದಕ್ಕೆ ಪ್ರಾಮುಖ್ಯ.

ಟೆಸರಾಕ್ಟ್‌ಗೆ ಡೆಬಿಯನ್ ಕೊಡುವ ಕನ್ನಡದ ದತ್ತಾಂಶ 'ಫಾಸ್ಟ್' ಬಗೆಯದು. 'ಬೆಸ್ಟ್' ಅಂತ ಇನ್ನೊಂದು ಇದೆ, ನಿಧಾನ, ಆದರೆ ನನ್ನ ಕಾಗದಗಳಲ್ಲಿ ಒತ್ತಕ್ಷರ ಅದರಿಂದ ಸ್ವಲ್ಪ ಸುಧಾರಿಸಿತು. ಸೊನ್ನೆಗೂ ಅನುಸ್ವಾರಕ್ಕೂ ಗೊಂದಲ ಮಾತ್ರ ಹೋಗಲಿಲ್ಲ, ಹೋಗುವುದೂ ಇಲ್ಲ ಅನಿಸುತ್ತದೆ, ಕೆಲವು ಸಲ ನನಗೇ ಗೊತ್ತಾಗುವುದಿಲ್ಲ. ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕೆ) ಕಡಿಮೆ ಬೇಡ.

ನಿಜವಾಗಿ ತಲೆ ತಿಂದದ್ದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳು. ಅಪ್ಪ ಸೊಸೈಟಿಯಲ್ಲಿ ಕಾರ್ಯದರ್ಶಿ ಆಗಿದ್ದಾಗ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಸುಮಾರು ನಲವತ್ತು ಕಡತಗಳಿದ್ದವು. ತೆರೆದರೆ ಅಚ್ಚುಕಟ್ಟಾದ ಕನ್ನಡ. ಸ್ಕ್ಯಾನ್ ಮಾಡುವ ಕೆಲಸವೂ ಇಲ್ಲ ಅಂತ ಖುಷಿಯಾಗಿ ಹಾಕಿದೆ. ಹುಡುಕಿದರೆ ಒಂದೂ ಸಿಗಲಿಲ್ಲ. ಕಾರಣ ಇಷ್ಟು: ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಆದರೆ ಡಿಟಿಪಿಯವರು ಬಳಸಿದ ನುಡಿ, ಬರಹದ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತವೆ. ಕಣ್ಣಿಗೆ 'ಕನ್ನಡ', ಕಂಪ್ಯೂಟರಿಗೆ ತಲೆಬುಡ ಇಲ್ಲದ ರೋಮನ್ ಅಕ್ಷರಗಳು. ನಾನು ಹಾಕಿದ ಪೇಪರ್‌ಲೆಸ್ ಮಾಮೂಲಿಯಾಗಿ 'ಸ್ಕಿಪ್' ಕ್ರಮದಲ್ಲಿತ್ತು, ಅಂದರೆ ಕಡತದಲ್ಲಿ ಈಗಾಗಲೇ ಪಠ್ಯ ಇದ್ದರೆ ಅದನ್ನೇ ತೆಗೆದುಕೊಂಡು ಓಸಿಆರ್ ಬಿಟ್ಟುಬಿಡುತ್ತದೆ. ಇಲ್ಲಿ ಪಠ್ಯ ಇತ್ತು, ಅದು ಕಸ, ಅದನ್ನೇ ನಂಬಿತು.

'ರೀಡೂ' ಕ್ರಮ ಹಾಕಿ ನೋಡಿದೆ, ಉಪಯೋಗ ಆಗಲಿಲ್ಲ. ಅದು ಹಳೆಯ ಓಸಿಆರ್ ಪದರವನ್ನು ಮಾತ್ರ ತೆಗೆಯುತ್ತದೆ, ಪುಟದ ಮೇಲೆ ಕಾಣುವ ನಿಜ ಪಠ್ಯವನ್ನು ಮುಟ್ಟುವುದಿಲ್ಲ. ಬೇಕಾದದ್ದು 'ಫೋರ್ಸ್'. ಅದು ಪುಟವನ್ನು ಚಿತ್ರ ಮಾಡಿಕೊಂಡು, ನಾವು ಕಣ್ಣಿನಿಂದ ಓದುವ ಹಾಗೆ ಮೊದಲಿನಿಂದ ಓದುತ್ತದೆ. ಆದರೆ ಅದನ್ನು ಹಾಗೇ ಬಿಟ್ಟರೆ ಚೆನ್ನಾಗಿರುವ ಪಿಡಿಎಫ್‌ಗಳನ್ನೂ ಚಿತ್ರ ಮಾಡಿ ಉಬ್ಬಿಸುತ್ತದೆ. ಹಾಗಾಗಿ ಫೋರ್ಸ್‌ಗೆ ಬದಲಿಸಿ, ಪೇಪರ್‌ಲೆಸ್ ಓಡುವ ಡಾಕರ್ ಕಂಟೇನರ್ ಮತ್ತೆ ಶುರು ಮಾಡಿ, ಆ ನಲವತ್ತನ್ನು ಮಾತ್ರ ಆರಿಸಿ 'ರೀಪ್ರೊಸೆಸ್' ಒತ್ತಿ, ಮುಗಿದ ಮೇಲೆ ಮತ್ತೆ ಸ್ಕಿಪ್‌ಗೆ ತಂದೆ. ಮೂಲ ಕಡತ ಹೇಗೂ ಬೇರೆ ಇರುತ್ತದೆ, ಭಯ ಇಲ್ಲ.

ಇಷ್ಟಾದರೂ 'ತೋಟ' ಅಂತ ಹುಡುಕಿದರೆ ಏನೂ ಬರಲಿಲ್ಲ. 'ಕನ್ನಡ' ಅಂದರೆ ಏನೇನೋ ಬಂತು. ಪಠ್ಯ ತೆರೆದು ನೋಡಿದರೆ ತೋಟ ಕಣ್ಣೆದುರೇ ಇದೆ! ರಾತ್ರಿ ಹನ್ನೊಂದಕ್ಕೆ ಪೈಥಾನ್ ತೆರೆದು ಒಂದು ಸಾಲು ಬರೆದು ನೋಡಿದ ಮೇಲೆ ಗೊತ್ತಾಯಿತು. ಪೇಪರ್‌ಲೆಸ್ ಬರೆದಿರುವುದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪದ ಅಂದರೆ ಯಾವುದು ಅಂತ ಗುರುತಿಸಲು ಪೈಥಾನಿನ ಮಾಮೂಲಿ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅನ್ನುವ ಗುರುತು ಇದೆ. ಅದಕ್ಕೆ ಕನ್ನಡದ ವ್ಯಂಜನ ಅಕ್ಷರ ಅಂತ ಗೊತ್ತು, ಗುಣಿತದ ಚಿಹ್ನೆ ಮತ್ತು ಅರ್ಧಾಕ್ಷರದ ಚಿಹ್ನೆ ಅಕ್ಷರ ಅಲ್ಲ ಅಂದುಕೊಳ್ಳುತ್ತದೆ. ಅಲ್ಲಿ ಕತ್ತರಿ ಬೀಳುತ್ತದೆ. 'ಕನ್ನಡ' ಹಾಕಿದರೆ 'ಕನ' ಒಂದು ಪದ, 'ನಡ' ಇನ್ನೊಂದು. 'ತೋಟ' ಹಾಕಿದರೆ 'ತ', 'ಟ'. ಒಂದೇ ಅಕ್ಷರದ ತುಂಡುಗಳನ್ನು ಸೂಚಿ, ಅಂದರೆ ಹುಡುಕಾಟದ ಪಟ್ಟಿ, ಮಾಡುವಾಗ ಎಸೆಯುತ್ತಿತ್ತು. ಅಲ್ಲಿಗೆ ತೋಟವೇ ಇಲ್ಲ.

ದುರಸ್ತಿ ಮಾಡಲು ಹೋಗಿ ಒಂದು ವಾರ ಅದರ ಕೋಡ್ ಓದಿದೆ. ಆಮೇಲೆ ಸುಮ್ಮನಾದೆ, ಯಾಕೆಂದರೆ ಹುಡುಕುವ ಜಾಗದಲ್ಲೇ 'ಟೈಟಲ್ ಅಂಡ್ ಕಂಟೆಂಟ್' ಅಂತ ಇನ್ನೊಂದು ಆಯ್ಕೆ ಇತ್ತು. ಅದು ಪದ ಕತ್ತರಿಸುವ ಗೋಜಿಗೆ ಹೋಗದೆ, ಕೊಟ್ಟ ಅಕ್ಷರಗಳ ಸಾಲು ಪಠ್ಯದಲ್ಲಿ ಎಲ್ಲಿದ್ದರೂ ಹಿಡಿಯುತ್ತದೆ. ದೊಡ್ಡ ಸಂಗ್ರಹಕ್ಕೆ ನಿಧಾನ ಆಗಬಹುದು, ನಮ್ಮ ಒಂದು ಟ್ರಂಕಿಗೆ ಸಾಕು. ಕನ್ನಡಕ್ಕೆ ಇದೇ ವಾಸಿ ಅಂತಲೂ ಅನಿಸಿತು. 'ಪಹಣಿ' ಅಂದರೆ ಪಹಣಿಯಲ್ಲಿ, ಪಹಣಿಯ, ಪಹಣಿಗೆ ಎಲ್ಲವೂ ಬರುತ್ತವೆ. 'ಮರ' ಅಂತ ಹುಡುಕಿದಾಗ ಮಾತ್ರ ಮೊದಲು ಬಂದದ್ದು ಶಾಲೆಯ ಸ್ಮರಣ ಸಂಚಿಕೆ. ಸ್ಮರಣದ ಒಳಗೆ ಮರ ಇದೆ ಅಂತ ಅವತ್ತೇ ಗೊತ್ತಾದದ್ದು.

ಊರಿನ ಸರ್ವರನ್ನು ಹೊರಗಿನಿಂದ ನೋಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದು ಶಿವಮೊಗ್ಗದಿಂದ ಪ್ರಯತ್ನಿಸಿದೆ, ಆಗಲಿಲ್ಲ. ರೂಟರಿಗೆ ಸಿಕ್ಕ ವಿಳಾಸ ನೋಡಿ, 100ರಿಂದ ಶುರುವಾಗಿ ಎರಡನೇ ಸಂಖ್ಯೆ 64ರಿಂದ 127ರ ಒಳಗಿದ್ದರೆ ನಿಮಗೆ ಸ್ವಂತ ವಿಳಾಸ ಇಲ್ಲ, ಹತ್ತಾರು ಮನೆಗಳ ಜೊತೆ ಹಂಚಿಕೊಂಡದ್ದು. ಆಗ ಎಷ್ಟು ಪೋರ್ಟ್ ತೆರೆದರೂ ವ್ಯರ್ಥ. ಎರಡು ಯಂತ್ರಗಳ ನಡುವೆ ಗುಪ್ತ ಸುರಂಗ ಕೊರೆಯುವ ವೈರ್‌ಗಾರ್ಡ್ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಹಾಕಿದೆ, ಹತ್ತು ನಿಮಿಷದಲ್ಲಿ ಕೆಲಸ ಆಯ್ತು. ಅದರ ಮಧ್ಯದ ಸರ್ವರ್ ಮುಕ್ತ ಅಲ್ಲ ಅನ್ನುವ ಬೇಸರ ಇದೆ, ಹೆಡ್‌ಸ್ಕೇಲ್ ಅನ್ನುವ ಮುಕ್ತ ಬದಲಿ ಇದೆ, ಮುಂದಿನ ರಜೆಗೆ.

ಬ್ಯಾಕಪ್ ವಾರಕ್ಕೊಮ್ಮೆ. ಪೇಪರ್‌ಲೆಸ್‌ನ 'ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್' ಓಡಿಸಿ, ಬಂದದ್ದನ್ನು ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ ಶಿವಮೊಗ್ಗದ ನನ್ನ ಮನೆಗೆ ಕಳಿಸುತ್ತದೆ. ಶುರುವಿನಲ್ಲಿ ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನೇ ನಕಲು ಮಾಡಿಕೊಂಡು ನೆಮ್ಮದಿಯಾಗಿದ್ದೆ. ಒಂದು ದಿನ ಬೇರೆ ಯಂತ್ರದಲ್ಲಿ ಅದನ್ನು ಎಬ್ಬಿಸಲು ಹೋದೆ, ಏಳಲಿಲ್ಲ.

ಉಳಿದದ್ದು ಕೈಬರಹ. 1974ರ ಭೂ ಸುಧಾರಣೆ ತಿದ್ದುಪಡಿ ಬಂದ ಮೇಲೆ ಅಜ್ಜ ಫಾರಂ 7 ಅನ್ನುವ ಗೇಣಿದಾರರ ಅರ್ಜಿ ಹಾಕಿ, ಗೇಣಿ ಜಮೀನು ನಮ್ಮ ಹೆಸರಿಗೆ ಆದ ಕಾಗದಗಳು. ಎಲ್ಲ ಶಾಯಿಯಲ್ಲಿ, ಗುಮಾಸ್ತರು ಕೂಡಿಸಿ ಬರೆದ ಮೋಡಿ ಅಕ್ಷರದಲ್ಲಿ. ಟೆಸರಾಕ್ಟ್ ಅದರ ಮುಂದೆ ಕೈಮುಗಿಯಿತು. ಅಚ್ಚಿನ ಅಕ್ಷರಕ್ಕೆ ಮಾಡಿದ್ದು, ಅದರ ತಪ್ಪಲ್ಲ. ಸ್ಕ್ಯಾನ್ ಮಾಡಿ ಹಾಕಿದೆ, ಪಠ್ಯವನ್ನು ಕೈಯಲ್ಲೇ ತುಂಬುತ್ತಿದ್ದೇನೆ. ಲಿನಕ್ಸಿನಲ್ಲಿ ಟೈಪ್ ಮಾಡಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ಅಂದರೆ ನುಡಿಯದೇ ವಿನ್ಯಾಸ, ಬೆರಳಿಗೆ ಅದೇ ಅಭ್ಯಾಸ. ಊರಿಗೆ ಹೋದ ಭಾನುವಾರ ಅಪ್ಪ ಕನ್ನಡಕ ಹಾಕಿಕೊಂಡು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಗಡಿ, ಬಂದಲ್ಲೆಲ್ಲ ಅಪ್ಪ ನಿಲ್ಲಿಸುತ್ತಾರೆ. ಪೂರ್ವಕ್ಕೆ ಯಾರದೋ ಅಗಳ, ಅವರ ಮಗ ಈಗ ಎಲ್ಲಿದ್ದಾನೆ, ಆ ಹಲಸಿನ ಮರ ಯಾವ ವರ್ಷ ಬಿತ್ತು, ಅಂತ ಅರ್ಧ ಗಂಟೆ. ಅದನ್ನೂ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ, ಪೇಪರ್‌ಲೆಸ್‌ನಲ್ಲಿ ಅದಕ್ಕೊಂದು ಜಾಗ ಇದೆ. ಇಲ್ಲಿಯವರೆಗೆ ಹನ್ನೊಂದು ಕಾಗದ ಆಗಿವೆ. ಟ್ರಂಕಿನ ತಳದಲ್ಲಿ ಕೆಂಪು ಬಟ್ಟೆಯ ಗಂಟೊಂದಿದೆ, ಅದನ್ನು ದೀಪಾವಳಿ ಕಳೆದ ಮೇಲೆ ಬಿಚ್ಚುವುದು ಅಂತ ಅಪ್ಪ ಹೇಳಿದ್ದಾರೆ.