ಹಳೇ ವಾಯೇಜರ್‌ಗೆ ಟರ್ಬೊ ಎಂಜಿನ್ ಕೂರಿಸಿದ್ದು: ನನ್ನ ಅನುಭವ

ಕ್ರೈಸ್ಲರ್ ಕಂಪನಿಯ ಮೊದಲ ಪೀಳಿಗೆಯ ಮಿನಿವ್ಯಾನುಗಳು, ಅಂದರೆ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್, ಬಂದದ್ದು 1984ರ ಮಾಡೆಲಿನಲ್ಲಿ. ಇವಕ್ಕೆ 1989 ಮತ್ತು 1990ರಲ್ಲಿ ಮಾತ್ರ ಕಾರ್ಖಾನೆಯಲ್ಲೇ 2.5 ಲೀಟರ್ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಊದುವ ಸಾಧನ) ಎಂಜಿನ್ ಹಾಕಿ ಕೊಡುತ್ತಿದ್ದರು: 150 ಅಶ್ವಶಕ್ತಿ, 180 ಫುಟ್-ಪೌಂಡ್ ಟಾರ್ಕ್. ಅದೇ 2.5 ಲೀಟರಿನ ಸಾದಾ ಎಂಜಿನ್ ಕೊಡುತ್ತಿದ್ದದ್ದು ಸುಮಾರು 100 ಅಶ್ವಶಕ್ತಿ. ಟರ್ಬೊ ವ್ಯಾನ್ ಈಗ ಹುಡುಕಿದರೂ ಸಿಗುವುದು ಕಷ್ಟ, ಸಾದಾ ವ್ಯಾನ್ ಸಿಗುತ್ತದೆ. ನಾನು ಮಾಡಿದ್ದು 1989ರ ಸಾದಾ 2.5 ವಾಯೇಜರ್‌ಗೆ, ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಹಾಗೇ ಉಳಿಸಿಕೊಂಡು.

ಎಂಜಿನ್ ಎತ್ತಿ ಇಳಿಸುವುದು ಎರಡು ದಿನದ ಕೆಲಸ. ಕಾರ್ಖಾನೆಯವರೇ ಒಮ್ಮೆ ಮಾಡಿದ ಜೋಡಿ ಇದು, ಮೌಂಟು, ಬೆಲ್‌ಹೌಸಿಂಗ್ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಗೂಡು) ಎಲ್ಲ ತಾವಾಗಿಯೇ ಕೂರುತ್ತವೆ. ಉಳಿದ ವಾರಗಳನ್ನು ತಿನ್ನುವುದು ಪೆಟ್ರೋಲ್ ಲೈನು, ವೈರಿಂಗು, ವ್ಯಾಕ್ಯೂಮ್ ಪೈಪುಗಳು. ಹಾಗಾಗಿ ಎಂಜಿನ್ ಒಂದನ್ನೇ ಕೊಳ್ಳಬೇಡಿ, ಓಡುವ ಸ್ಥಿತಿಯಲ್ಲಿರುವ ಇಡೀ ಕಾರನ್ನೇ ಕೊಳ್ಳಿ. 1989ರ ಡಾಡ್ಜ್ ಸ್ಪಿರಿಟ್, ಪ್ಲಿಮತ್ ಅಕ್ಲೇಮ್, ಡೇಟೋನಾ, ಶ್ಯಾಡೋ, ಲೆಬ್ಯಾರನ್ ಇವೆಲ್ಲದರಲ್ಲೂ ಇದೇ 2.5 ಟರ್ಬೊ ಇತ್ತು. ಗುಜರಿಯಲ್ಲಿ ಬಿಡಿಬಿಡಿಯಾಗಿ ಬಿಚ್ಚಿ ತಂದರೆ ಮೂವತ್ತು ಡಾಲರಿನ ಒಂದು ಕನೆಕ್ಟರಿಗಾಗಿ ಮೂರು ಸಲ ಹೋಗಬೇಕಾಗುತ್ತದೆ.

ವರ್ಷವನ್ನೂ ಹೊಂದಿಸಿಕೊಳ್ಳಿ. 1989ರ ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರ್ ಎಸ್‌ಎಂಇಸಿ, 1990ರಿಂದ ಎಸ್‌ಬಿಇಸಿ. 89ರ ವ್ಯಾನಿಗೆ 89ರ ಕಾರು ಹಿಡಿದರೆ ವೈರಿಂಗ್ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಮಿತ್ಸುಬಿಷಿ 3.0 ವಿ6 ಇರುವ ವ್ಯಾನನ್ನು ಈ ಕೆಲಸಕ್ಕೆ ಆರಿಸಬೇಡಿ, ಅದರ ಗೇರ್‌ಬಾಕ್ಸಿನ ಬೋಲ್ಟುಗಳ ಜಾಗವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರಾದರೆ, ಹಾಕುವ ಎಂಜಿನ್ ಗಾಡಿಯಷ್ಟೇ ಹೊಸದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಬರಬೇಕು.

ಟರ್ಬೊ ಎಂಜಿನ್ ಸ್ಟ್ಯಾಂಡಿನ ಮೇಲೆ ಇರುವಾಗಲೇ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಕ್ರ್ಯಾಂಕು, ಕ್ಯಾಮು ಮತ್ತು ಇಂಟರ್ಮೀಡಿಯೆಟ್ ಶಾಫ್ಟಿನ ಸೀಲುಗಳು, ಹಿಂದಿನ ಮೇನ್ ಸೀಲು ಬದಲಾಯಿಸಿ. ಈ ಎಂಜಿನ್ನಿನಲ್ಲಿ ಬೆಲ್ಟು ತುಂಡಾದರೂ ವಾಲ್ವು ಪಿಸ್ಟನ್ನಿಗೆ ತಾಗುವುದಿಲ್ಲ, ಆದರೆ ವ್ಯಾನಿನೊಳಗೆ ಕೂತ ಮೇಲೆ ಬೆಲ್ಟು ಹಾಕುವುದು ಕೈ ಕೆರೆದುಕೊಳ್ಳುವ ಕೆಲಸ. ಗುರುತು ಹೀಗೆ: ಕ್ರ್ಯಾಂಕ್ ಮತ್ತು ಇಂಟರ್ಮೀಡಿಯೆಟ್ ಚಕ್ರಗಳ ಚುಕ್ಕಿ ಒಂದಕ್ಕೊಂದು ಎದುರುಬದುರು, ಕ್ಯಾಮ್ ಚಕ್ರದ ಬಾಣಗಳು ಒಂದನೇ ಕ್ಯಾಮ್ ಕ್ಯಾಪಿನ ಗೆರೆಗೆ ನೇರ. ಕೈಯಿಂದ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ.

ಹೆಡ್ ಬಿಚ್ಚಿದರೆ ಬೋಲ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇವು 11 ಮಿಲಿಮೀಟರಿನವು, ತಲೆಯ ಮೇಲೆ 11 ಎಂದು ಬರೆದಿರುತ್ತದೆ. ಬೋಲ್ಟಿನ ಥ್ರೆಡ್ಡಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟಾಗ ಎಲ್ಲ ಥ್ರೆಡ್ಡುಗಳೂ ತಾಗದಿದ್ದರೆ ಬೋಲ್ಟು ಜಗ್ಗಿದೆ ಎಂದರ್ಥ, ಎಸೆಯಿರಿ. ಬಿಗಿಯುವುದು 45, ಆಮೇಲೆ 65, ಮತ್ತೊಮ್ಮೆ 65 ಫುಟ್-ಪೌಂಡ್, ಕೊನೆಗೆ ಟಾರ್ಕ್ ವ್ರೆಂಚ್ ನೋಡದೆ ಕಾಲು ಸುತ್ತು. ಆ ಕಾಲು ಸುತ್ತು ಮುಗಿದಾಗ 90 ಫುಟ್-ಪೌಂಡ್ ದಾಟಿರಬೇಕು. ದಾಟದ ಬೋಲ್ಟು ಕೆಟ್ಟ ಬೋಲ್ಟು.

ಈ ಎಂಟು ವಾಲ್ವಿನ ಹೆಡ್ಡಿನಲ್ಲಿ ಇನ್‌ಟೇಕು, ಎಕ್ಸಾಸ್ಟು ಎರಡೂ ಒಂದೇ ಬದಿಗೆ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಕಡೆಗೆ ಇವೆ. ಟರ್ಬೊ ಅವುಗಳ ಕೆಳಗೆ ತೂಗುತ್ತದೆ. ಎಂಜಿನ್ ಒಳಗೆ ಹೋದಮೇಲೆ ಅಲ್ಲಿಗೆ ಅಂಗೈ ಹೋದರೂ ಸ್ಪ್ಯಾನರ್ ತಿರುಗಿಸಲು ಜಾಗವಿಲ್ಲ. ಮ್ಯಾನಿಫೋಲ್ಡು, ಟರ್ಬೊ, ಅದರ ಎಣ್ಣೆ ಪೈಪು, ನೀರಿನ ಪೈಪು ಎಲ್ಲವನ್ನೂ ಹೊರಗೇ ಜೋಡಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಬೆಳಕಿಗೆ ಹಿಡಿಯಿರಿ, ಬಿರುಕು ಬಿಡುವುದು ಇವುಗಳ ಹುಟ್ಟುಗುಣ. ಎರಡೂ ಮ್ಯಾನಿಫೋಲ್ಡಿಗೆ ಒಂದೇ ಗ್ಯಾಸ್ಕೆಟ್, ಹೊಸದನ್ನೇ ಹಾಕಿ. ಟರ್ಬೊದಿಂದ ಎಣ್ಣೆ ಬ್ಲಾಕಿಗೆ ಇಳಿಯುವ ಪೈಪಿನ ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಬಳಿಯಬೇಡಿ. ಆ ಎಣ್ಣೆ ಇಳಿಯುವುದು ಬರೀ ತನ್ನ ಭಾರದಿಂದ. ಒಳಗೆ ಉಬ್ಬಿದ ಒಂದು ಚೂರು ಸಿಲಿಕೋನ್ ದಾರಿ ಕಟ್ಟಿದರೂ ಸಾಕು, ಎಣ್ಣೆ ಸೀಲು ದಾಟಿ ಎಕ್ಸಾಸ್ಟಿಗೆ ಹೋಗಿ ನೀಲಿ ಹೊಗೆ ಬರುತ್ತದೆ. ಆಗ ಎಲ್ಲರೂ ಟರ್ಬೊವನ್ನೇ ಬೈಯುತ್ತಾರೆ.

ಹಳೇ ಎಂಜಿನ್ ತೆಗೆಯುವಾಗ ನಾನು ಗೇರ್‌ಬಾಕ್ಸನ್ನು ಗಾಡಿಯಲ್ಲೇ ಬಿಟ್ಟು ಕೆಳಗೆ ಜ್ಯಾಕ್ ಕೊಟ್ಟೆ. ಟಾರ್ಕ್ ಕನ್ವರ್ಟರಿಗೂ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಡಬ್ಬಿ) ಅದನ್ನು ಎಂಜಿನ್ನಿಗೆ ಜೋಡಿಸುವ ಫ್ಲೆಕ್ಸ್‌ಪ್ಲೇಟಿಗೂ ಬಣ್ಣದ ಗುರುತು ಹಾಕಿ ಬೋಲ್ಟು ತೆಗೆದು, ಕನ್ವರ್ಟರು ಮುಂದಕ್ಕೆ ಜಾರದಂತೆ ಹೌಸಿಂಗಿನ ಕೆಳತುದಿಗೆ ಒಂದು ಸಿ-ಕ್ಲ್ಯಾಂಪ್ ಬಿಗಿದೆ. ಇದನ್ನು ಮರೆತರೆ ಕನ್ವರ್ಟರು ಅರ್ಧ ಇಂಚು ಹೊರಗೆ ಸರಿದಿರುತ್ತದೆ, ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಸ ಎಂಜಿನ್ನನ್ನು ಬೋಲ್ಟು ಬಿಗಿದು ಎಳೆದುಕೊಂಡರೆ ಗೇರ್‌ಬಾಕ್ಸಿನ ಎಣ್ಣೆ ಪಂಪು ಮುರಿಯುತ್ತದೆ. ಎರಡು ಮುಖಗಳು ಕೈಯಲ್ಲಿ ತಳ್ಳಿದಷ್ಟಕ್ಕೇ ಕೂಡಬೇಕು. ಕೂಡಿದ ಮೇಲೂ ಕನ್ವರ್ಟರು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಮುಂದುವರಿಯಬೇಡಿ.

ಮೌಂಟ್ ಬ್ರಾಕೆಟ್ಟು, ಆಲ್ಟರ್ನೇಟರು, ಏಸಿ ಕಂಪ್ರೆಸರಿನ ಬ್ರಾಕೆಟ್ಟುಗಳನ್ನು ವ್ಯಾನಿನ ಹಳೇ ಎಂಜಿನ್ನಿನಿಂದಲೇ ತೆಗೆದು ಹಾಕಿ. ಆ್ಯಕ್ಸಲ್ ಶಾಫ್ಟುಗಳೂ ವ್ಯಾನಿನವೇ ಇರಲಿ. ಎಡ ಬಲ ಉದ್ದ ಬೇರೆ ಇರುವುದರಿಂದ ಬೂಸ್ಟ್ (ಟರ್ಬೊ ಊದುವ ಗಾಳಿಯ ಒತ್ತಡ) ಬಂದಾಗ ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತದೆ, ಎರಡೂ ಕೈ ಇಟ್ಟುಕೊಂಡರೆ ಆಯಿತು.

ಈಗ ಪೆಟ್ರೋಲ್. ಸಾದಾ 2.5ರಲ್ಲಿ ಥ್ರಾಟಲ್ ಬಾಡಿಯೊಳಗೆ ಒಂದೇ ಇಂಜೆಕ್ಟರು, ಅದಕ್ಕೆ ಬೇಕಾದ್ದು 14.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ. ಟರ್ಬೊದಲ್ಲಿ ನಾಲ್ಕು ಇಂಜೆಕ್ಟರು, 55 ಪಿಎಸ್‌ಐ. ಹಳೇ ಪಂಪಿನಲ್ಲೇ ಎಂಜಿನ್ ಸ್ಟಾರ್ಟ್ ಆಗಬಹುದು, ಐಡಲ್ ಕೂಡ ನಿಲ್ಲಬಹುದು. ಬೂಸ್ಟ್ ಬಂದ ಕ್ಷಣ ಪೆಟ್ರೋಲ್ ಸಾಲದೆ ಎಂಜಿನ್ ಬಡಿಯತೊಡಗುತ್ತದೆ, ಪಿಸ್ಟನ್ ಅಂಚು ಕರಗುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ಟರ್ಬೊ ಪಂಪಿಗೆ ಬದಲಾಯಿಸಲೇಬೇಕು. ಟ್ಯಾಂಕು ಖಾಲಿ ಮಾಡಿ, ಬ್ಯಾಟರಿ ತೆಗೆದು, ಪಟ್ಟಿ ಬಿಚ್ಚಿ ಟ್ಯಾಂಕನ್ನು ಕೆಳಗಿಳಿಸಿ. ಪಂಪನ್ನು ಹಿಡಿದಿರುವ ಉಂಗುರ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಅದನ್ನು ಹಿತ್ತಾಳೆಯ ಕಡ್ಡಿಯಿಂದ ತಟ್ಟಿ ತಿರುಗಿಸಿ, ಕಬ್ಬಿಣದ ಉಳಿಯಿಂದ ಬೇಡ, ಕಿಡಿ ಹಾರುತ್ತದೆ.

ರಬ್ಬರ್ ಹೋಸುಗಳನ್ನೆಲ್ಲ ಫ್ಯುಯಲ್ ಇಂಜೆಕ್ಷನ್ ಎಂದು ಮೈಮೇಲೆ ಅಚ್ಚಾಗಿರುವ ಹೋಸಿಗೆ ಬದಲಾಯಿಸಿದೆ. ಕ್ಲ್ಯಾಂಪು ಅಂಚು ಮಡಚಿದ ಬಗೆಯದಾಗಿರಲಿ. ಮಾಮೂಲಿ ಸೀಳುಪಟ್ಟಿಯ ಕ್ಲ್ಯಾಂಪು ಹೋಸಿನ ಮೈಯನ್ನು ಕೊಯ್ಯುತ್ತದೆ. 14 ಪಿಎಸ್‌ಐಯಲ್ಲಿ ಅದು ಬರೀ ಒಸರುತ್ತದೆ, 55ರಲ್ಲಿ ಕಾದ ಟರ್ಬೊ ಮೇಲೆ ಚಿಮ್ಮುತ್ತದೆ. ಗೇಜ್ ಹಾಕಿ, ಪೆಟ್ರೋಲ್ ಒತ್ತಡದ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತು ನೋಡಿದಾಗ 55 ಬರಬೇಕು. ಆಮೇಲೆ ಹೋಸ್ ಮತ್ತೆ ಹಾಕಿ, ಗೇಜನ್ನು ವಿಂಡ್‌ಶೀಲ್ಡಿನ ಹೊರಗೆ ಟೇಪ್ ಅಂಟಿಸಿ ಓಡಿಸಿ. ಒಂದು ಪಿಎಸ್‌ಐ ಬೂಸ್ಟ್ ಏರಿದರೆ ಪೆಟ್ರೋಲ್ ಒತ್ತಡವೂ ಒಂದು ಏರಬೇಕು: 7 ಬೂಸ್ಟಿಗೆ 62. ಏರುವ ಬದಲು ಇಳಿಯಿತು ಎಂದರೆ ಪಂಪು ಇಲ್ಲವೇ ಫಿಲ್ಟರು ಸಾಲುತ್ತಿಲ್ಲ, ಅಲ್ಲೇ ಆಕ್ಸಿಲರೇಟರ್ ಬಿಡಿ.

ವೈರಿಂಗಿಗೆ ಎರಡು ಗಾಡಿಗಳ ಸರ್ವಿಸ್ ಮ್ಯಾನ್ಯುಯಲ್ ಎದುರಿಗೆ ಬೇಕು, ಮಲ್ಟಿಮೀಟರ್ ಬೇಕು. ಡೋನರ್ ಕಾರಿನ, ಅಂದರೆ ಟರ್ಬೊ ಎಂಜಿನ್ ಕೊಟ್ಟ ಕಾರಿನ, ಎಂಜಿನ್ ಹಾರ್ನೆಸ್ಸನ್ನು (ವೈರುಗಳ ಕಟ್ಟು) ಕತ್ತರಿಸದೆ ಇಡಿಯಾಗಿ ತೆಗೆಯಿರಿ. ಹೊಸದಾಗಿ ಬರುವುದು ನಾಲ್ಕು ಇಂಜೆಕ್ಟರು (ಕಂಪ್ಯೂಟರು ಜೋಡಿ ಜೋಡಿಯಾಗಿ ಹಾರಿಸುತ್ತದೆ), ಎಂಜಿನ್ ಬಡಿತ ಗುರುತಿಸುವ ನಾಕ್ ಸೆನ್ಸರು, ವೇಸ್ಟ್‌ಗೇಟ್ (ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲು) ಸೊಲೆನಾಯ್ಡು, ಮತ್ತು ಡಿಸ್ಟ್ರಿಬ್ಯೂಟರಿನ ಎರಡನೇ ಪಿಕಪ್ಪು. ಸಾದಾ ಎಂಜಿನ್ನಿನ ಡಿಸ್ಟ್ರಿಬ್ಯೂಟರಿನಲ್ಲಿ ಹಾಲ್ ಪಿಕಪ್ (ಶಾಫ್ಟು ಎಲ್ಲಿದೆ ಎಂದು ಗುರುತಿಸುವ ಸೆನ್ಸರು) ಒಂದೇ, ಟರ್ಬೊದಲ್ಲಿ ಎರಡು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಅದಕ್ಕೇ ಮೋಸ ಹೋಗುವುದು.

ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಲ್ಲೂ ಇದೇ ಗೊಂದಲ. ಸಾದಾ ಎಂಜಿನ್ನಿನದು ವಾತಾವರಣದ ಒತ್ತಡದವರೆಗೆ ಮಾತ್ರ ಅಳೆಯುತ್ತದೆ, ಟರ್ಬೊದ್ದು ಅದರ ಎರಡರಷ್ಟು. ಹಳೆಯದನ್ನು ಟರ್ಬೊ ಕಂಪ್ಯೂಟರಿಗೆ ಕೊಟ್ಟರೆ ಸುಮ್ಮನೆ ನಿಂತ ಎಂಜಿನ್ನಿನಲ್ಲೂ ತುಂಬು ಬೂಸ್ಟ್ ಇದೆ ಎಂದು ಕಂಪ್ಯೂಟರು ತಿಳಿದು ಪೆಟ್ರೋಲ್ ಸುರಿಯುತ್ತದೆ: ಕಪ್ಪು ಹೊಗೆ, ಒದ್ದೆ ಪ್ಲಗ್ಗು. ಸಾದಾ ಕಂಪ್ಯೂಟರಿಗೆ ಟರ್ಬೊ ಸೆನ್ಸರ್ ಕೊಟ್ಟರೆ ಇದಕ್ಕೆ ಉಲ್ಟಾ, ಅದು ಇನ್ನೂ ಅಪಾಯ.

ಎಸ್‌ಎಂಇಸಿ ಪೆಟ್ಟಿಗೆಯನ್ನು ಬ್ಯಾಟರಿ ಪಕ್ಕದ ತನ್ನ ಜಾಗದಿಂದ ಅಂದಕ್ಕಾಗಿ ಕದಲಿಸಬೇಡಿ. ಏರ್ ಫಿಲ್ಟರಿಗೆ ಹೋಗುವ ಗಾಳಿ ಅದರೊಳಗಿಂದ ಹಾದು ಅದನ್ನು ತಣ್ಣಗಿಡುತ್ತದೆ. ಕೋನ್ ಫಿಲ್ಟರ್ ಸಿಕ್ಕಿಸಿ ಆ ಪೈಪು ಕಿತ್ತವರ ಕಂಪ್ಯೂಟರು ಬೇಸಿಗೆಯಲ್ಲಿ ಕೈಕೊಡುತ್ತದೆ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿಯನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಕಾದು ಕಚ್ಚಿಕೊಳ್ಳುತ್ತದೆ.

ವ್ಯಾಕ್ಯೂಮ್ ಪೈಪುಗಳ ವಿಚಾರದಲ್ಲಿ ನೆನಪಿಡಬೇಕಾದ್ದು ಒಂದೇ: ಸಾದಾ ಎಂಜಿನ್ನಿನ ಮ್ಯಾನಿಫೋಲ್ಡು ಯಾವಾಗಲೂ ಎಳೆಯುತ್ತದೆ, ಟರ್ಬೊ ಮ್ಯಾನಿಫೋಲ್ಡು ಎಳೆಯುವುದರ ಜೊತೆಗೆ ಊದುತ್ತದೆ ಕೂಡ. ಬ್ರೇಕ್ ಬೂಸ್ಟರು, ಹೀಟರಿನ ವ್ಯಾಕ್ಯೂಮ್ ಲೈನು, ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಡಬ್ಬಿ, ಪಿಸಿವಿ (ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಎಳೆಯುವ ವಾಲ್ವು) ಪ್ರತಿಯೊಂದಕ್ಕೂ ಚೆಕ್ ವಾಲ್ವ್ ಬೇಕು. ಬಾಯಿಯಿಂದ ಊದಿ ನೋಡಿ, ಒಂದೇ ಕಡೆಗೆ ಗಾಳಿ ಹೋಗಬೇಕು. ನನ್ನ ವ್ಯಾನಿನಲ್ಲಿ ಮೊದಲ ದಿನವೇ ವಾಲ್ವ್ ಕವರಿನ ಸುತ್ತ ಎಣ್ಣೆ ಒಸರಿತು. ಗ್ಯಾಸ್ಕೆಟ್ ಎಂದುಕೊಂಡು ಎರಡು ಸಲ ಬದಲಾಯಿಸಿದೆ. ತಪ್ಪು ಇದ್ದದ್ದು ಪಿಸಿವಿಯಲ್ಲಿ. ಬೂಸ್ಟ್ ಅದರ ಮೂಲಕ ಕ್ರ್ಯಾಂಕ್‌ಕೇಸಿಗೆ ಇಳಿದು ಸಿಕ್ಕ ಸಂದಿಯಿಂದೆಲ್ಲ ಎಣ್ಣೆಯನ್ನು ಹೊರಗೆ ತಳ್ಳುತ್ತಿತ್ತು. ಟರ್ಬೊ ಪಕ್ಕ ಹಾಯುವ ಹೋಸುಗಳಿಗೆ ಸಿಲಿಕೋನ್ ಹೋಸೇ ಸರಿ, ರಬ್ಬರು ಗರಿಗರಿ ಹಪ್ಪಳವಾಗುತ್ತದೆ.

ಎಕ್ಸಾಸ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಎರಡೂವರೆ ಇಂಚಿನ ಪೈಪಿನಲ್ಲಿ ಮಾಡಿಸಿದೆ. ಫೈರ್‌ವಾಲಿನ ಬ್ರೇಕ್ ಪೈಪುಗಳಿಗೆ ತಗಡಿನ ಮರೆ ಕಟ್ಟಿದೆ.

ಮೊದಲ ಸ್ಟಾರ್ಟಿಗೆ ಮುಂಚೆ ಟರ್ಬೊದ ಎಣ್ಣೆ ಬಾಯಿಗೆ ಚಮಚದಷ್ಟು ಎಣ್ಣೆ ಹಾಕಿ, ಕಾಯಿಲ್ ವೈರ್ ಮತ್ತು ಇಂಜೆಕ್ಟರ್ ಕನೆಕ್ಟರು ಕಿತ್ತು, ಎಣ್ಣೆ ಒತ್ತಡದ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡು ಕ್ರ್ಯಾಂಕ್ ಮಾಡಿದೆ. ರೇಡಿಯೇಟರ್ ತುಂಬಿಸುವಾಗ ಥರ್ಮೋಸ್ಟ್ಯಾಟ್ ಹೌಸಿಂಗಿನ ಮೇಲಿನ ಪ್ಲಗ್ ಬಿಚ್ಚಿಟ್ಟು ಅಲ್ಲಿಂದ ಕೂಲೆಂಟ್ ಉಕ್ಕುವವರೆಗೆ ಹಾಕಬೇಕು. ಇಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಹೆಡ್ಡು ಕಾಯುತ್ತಿದ್ದರೂ ಮೀಟರಿನ ಮುಳ್ಳು ಸುಮ್ಮನಿರುತ್ತದೆ. ಪ್ಲಗ್ ಗ್ಯಾಪು 0.035 ಇಂಚು. ಎಂಜಿನ್ ಬಿಸಿಯಾದ ಮೇಲೆ ಕೂಲೆಂಟ್ ಸೆನ್ಸರಿನ ಕನೆಕ್ಟರ್ ಕಿತ್ತರೆ ಫ್ಯಾನ್ ಓಡತೊಡಗುತ್ತದೆ, ಆ ಸ್ಥಿತಿಯಲ್ಲಿ ಬೆಲ್‌ಹೌಸಿಂಗಿನ ಕಿಂಡಿಯಲ್ಲಿ ಟೈಮಿಂಗ್ ಲೈಟ್ ಬಿಟ್ಟು ಪ್ಲಗ್ ಕಿಡಿಯ ಹೊತ್ತನ್ನು 12 ಡಿಗ್ರಿಗೆ ಹೊಂದಿಸಿ.

ಕಂಪ್ಯೂಟರು ನೆನಪಿಟ್ಟ ದೋಷದ ಕೋಡು ಓದಲು ಸ್ಕ್ಯಾನರ್ ಬೇಡ. ಐದು ಸೆಕೆಂಡಿನೊಳಗೆ ಕೀಲಿಯನ್ನು ಆನ್-ಆಫ್-ಆನ್-ಆಫ್-ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಮಿಣುಕುತ್ತದೆ, ಎಣಿಸಿಕೊಳ್ಳಿ. 12 ಬಂದರೆ ಬ್ಯಾಟರಿ ಕಿತ್ತದ್ದರ ನೆನಪು ಅಷ್ಟೆ, 55 ಎಂದರೆ ಮುಗಿಯಿತು ಎಂದು. 11 ಬಂದರೆ ಡಿಸ್ಟ್ರಿಬ್ಯೂಟರ್ ಸಿಗ್ನಲ್ಲೇ ಇಲ್ಲ, 54 ಬಂದರೆ ಆ ಎರಡನೇ ಪಿಕಪ್ಪು. 14 ಮ್ಯಾಪ್ ಸೆನ್ಸರಿನ ವೈರು. 36 ವೇಸ್ಟ್‌ಗೇಟ್ ಸೊಲೆನಾಯ್ಡು. 45 ಎಂದರೆ ಬೂಸ್ಟ್ ಮಿತಿ ಮೀರಿ ಕಂಪ್ಯೂಟರು ಪೆಟ್ರೋಲ್ ನಿಲ್ಲಿಸಿದೆ. ಓಡುವಾಗ ಯಾರೋ ಬ್ರೇಕ್ ಒತ್ತಿದಂತೆ ಗಾಡಿ ಗಕ್ಕನೆ ಮುಗ್ಗರಿಸಿದರೆ ಇದನ್ನೇ ಮೊದಲು ನೋಡಿ. ಹತ್ತಕ್ಕೆ ಒಂಬತ್ತು ಸಲ ವೇಸ್ಟ್‌ಗೇಟ್ ಡಬ್ಬಿಯ ಪುಟ್ಟ ಹೋಸು ಕಳಚಿರುತ್ತದೆ.

ಗೇರ್‌ಬಾಕ್ಸಿನ ಥ್ರಾಟಲ್ ಪ್ರೆಶರ್ ಕೇಬಲ್ಲನ್ನು ಕೊನೆಗೆ ಹೊಂದಿಸಿದೆ, ಹೊಸ ಥ್ರಾಟಲ್ ಬಾಡಿಯಲ್ಲಿ ಅದರ ಕೊಂಡಿಯ ಜಾಗ ಬೇರೆ. ಅದು ಸಡಿಲವಾಗಿದ್ದರೆ ಎಂಜಿನ್ ಎಷ್ಟು ಎಳೆಯುತ್ತಿದೆ ಎಂಬುದು ಗೇರ್‌ಬಾಕ್ಸಿಗೆ ತಿಳಿಯದೆ ಕಡಿಮೆ ಒತ್ತಡದಲ್ಲಿ ಬೇಗ ಬೇಗ ಗೇರ್ ಬದಲಿಸುತ್ತದೆ, 180 ಫುಟ್-ಪೌಂಡಿನ ಕೆಳಗೆ ಕ್ಲಚ್ ಪ್ಲೇಟು ಜಾರಿ ಸುಡುತ್ತದೆ. ಪೂರ್ತಿ ಒತ್ತಿದಾಗ ಗೇರು ತಡವಾಗಿ, ಗಟ್ಟಿಯಾಗಿ ಬೀಳಬೇಕು. ನೂರು ಮೈಲಿ ಓಡಿಸಿ ಡಿಪ್‌ಸ್ಟಿಕ್ ಎಳೆದು ಮೂಸಿದೆ. ಎಣ್ಣೆ ಕೆಂಪಗೇ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಟರ್ಬೊ ನಟ್ಟುಗಳನ್ನು ತಣ್ಣಗಿದ್ದಾಗ ಇನ್ನೊಮ್ಮೆ ಬಿಗಿದೆ, ನಾಲ್ಕರಲ್ಲಿ ಎರಡು ನಟ್ಟು ಇನ್ನೂ ಕಾಲು ಕಾಲು ಸುತ್ತು ತಿರುಗಿದವು.