ಚೂರು ಮೊದಲು, ಅಲೆ ಆಮೇಲೆ: ನನ್ನ ಅನುಭವ

ಬಾಂಬ್ ಸಿಡಿದರೆ ಹಡಗಿನ ಗೋಡೆ ಎಲ್ಲಿ ಸೀಳುತ್ತದೆ ಅಂತ ಲೆಕ್ಕ ಹಾಕುವ ಮೂರು ವರ್ಷದ ಕೆಲಸ ಕಳೆದ ತಿಂಗಳು ಕೈಹಿಡಿಯಿತು. ಐದು ತಗಡುಗಳಲ್ಲಿ ನಾಲ್ಕು, ನನ್ನ ಕಂಪ್ಯೂಟರ್ ಮಾಡೆಲ್ ತೋರಿಸಿದ ಸಾಲಿನಲ್ಲೇ ಸೀಳಿದವು.

ಯುದ್ಧನೌಕೆಯ ಬಲ್ಕ್‌ಹೆಡ್ (ಒಳಗಿನ ಅಡ್ಡಗೋಡೆ) ಲೆಕ್ಕ ಹಾಕುವಾಗ ಸಿಡಿದ ಬಾಂಬಿನ ಚೂರುಗಳ ಪೆಟ್ಟನ್ನೂ ಸ್ಫೋಟದ ಒತ್ತಡದ ಅಲೆಯನ್ನೂ ಬೇರೆ ಬೇರೆ ಓಡಿಸಿ ಕೂಡಿಸುವ ರೂಢಿ ಇದೆ. ಅದು ತಪ್ಪು ಅಂತ ನಾನು ಮೊದಲಿನಿಂದ ಹೇಳುತ್ತಿದ್ದೆ. ಸಿಡಿದ ಜಾಗದ ಪಕ್ಕದಲ್ಲಿ ಅಲೆಯೇ ಮುಂದು. ಸ್ವಲ್ಪ ದೂರ ಹೋದರೆ ಅಲೆ ಸೊರಗುತ್ತದೆ, ಚೂರುಗಳು ಅದನ್ನು ಹಿಂದೆ ಹಾಕಿ ಗೋಡೆಗೆ ಮೊದಲು ತೂತು ಹಾಕುತ್ತವೆ. ಆಮೇಲೆ ಅಲೆ ಬಡಿದರೆ ಗೋಡೆ ರಸೀದಿ ಪುಸ್ತಕದ ಹಾಳೆಯ ಹಾಗೆ ತೂತಿನಿಂದ ತೂತಿಗೆ ಸೀಳುತ್ತದೆ. ಹಿರಿಯರೊಬ್ಬರು, "ಸುಮ್ನೆ ದಪ್ಪ ಜಾಸ್ತಿ ಮಾಡಿ, ಮುಗೀತು" ಅಂದರು. ಹಡಗಿನಲ್ಲಿ ದಪ್ಪ ಅಂದ್ರೆ ತೂಕ, ಅಲ್ವಾ?

ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಬಳಸಿದ ಡಿಎಂಆರ್ 249ಎ ಉಕ್ಕು ನನಗೆಲ್ಲಿ ಸಿಗಬೇಕು? ಪೀಣ್ಯದಲ್ಲಿ 1 ಮಿಮೀಗಿಂತ ತೆಳುವಾದ ಶೀಟು ತಂದೆ. ಲೇಸರ್‌ನಲ್ಲಿ ತೂತು ಕೊರೆಸಿ, ಸ್ಫೋಟದಂಥ ಒತ್ತಡದ ಅಲೆ ಹೊಡೆಯುವ ಕೊಳವೆಗೆ, ಅಂದ್ರೆ ಶಾಕ್ ಟ್ಯೂಬ್‌ಗೆ ಹಾಕಿದೆ. ಪೂರಿಯ ಹಾಗೆ ಉಬ್ಬಿತು, ಸೀಳಲಿಲ್ಲ. ಹೀಗೆ ಎಂಟು ತಗಡು ಹೋದವು. ಒಂದು ಶಾಟ್‌ಗೆ ಒಂಬತ್ತು ಸಾವಿರದ ಹತ್ತಿರ. ಎಪ್ಪತ್ತು ಸಾವಿರಕ್ಕೂ ಜಾಸ್ತಿ ನೀರಿಗೆ ಹೋಯಿತು.

ಆಮೇಲೆ ಗ್ಯಾಸ್ ಗನ್‌ನಲ್ಲಿ (ಅನಿಲದ ಒತ್ತಡದಿಂದ ಹಾರಿಸುವ ಗನ್) ಉಕ್ಕಿನ ತುಣುಕು ಹೊಡೆಸಿದ ತಗಡೊಂದನ್ನು ಬೆಳಕಿಗೆ ಹಿಡಿದೆ. ತೂತಿನ ಅಂಚು ಎಸಳೆಸಳಾಗಿ ಹಿಂದಕ್ಕೆ ಮಡಚಿತ್ತು. ಪ್ರತಿ ಎಸಳಿನ ಬುಡದಲ್ಲೂ ಕೂದಲೆಳೆಯಂಥ ಬಿರುಕು. ಉಗುರು ಆಡಿಸಿದರೆ ತಡೆಯುತ್ತಿತ್ತು. ಲೇಸರ್ ತೂತಿನಲ್ಲಿ ಅದೆಲ್ಲಿರುತ್ತದೆ? ಹಾಗೆ ಹೊಡೆಸಿದ ಹದಿನಾರು ತೂತಿನ ತಗಡು ಅದೇ ಒತ್ತಡಕ್ಕೆ ಮೊದಲ ಶಾಟ್‌ನಲ್ಲೇ ಸೀಳಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪೆಟ್ಟು, ಸ್ಫೋಟಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಎಲ್ಎಸ್-ಡೈನಾದಲ್ಲಿ ಚೂರಿನ ರನ್ ಮುಗಿಸಿ, ಹಾನಿಯನ್ನು ಹಾಗೇ ಉಳಿಸಿಕೊಂಡು, ಅಲ್ಲಿಂದಲೇ ಮುಂದುವರಿಸಿ (ರೀಸ್ಟಾರ್ಟ್) ಅಲೆ ಕೊಟ್ಟೆ. ತೂತಿನ ಸುತ್ತ ಮೆಶ್, ಅಂದ್ರೆ ಲೆಕ್ಕಕ್ಕೆ ತಗಡನ್ನು ಒಡೆದ ಚೌಕಗಳು, 0.4 ಮಿಮೀ ಆಸುಪಾಸು. ಮೊದಮೊದಲು ಈ ಚೌಕಗಳು (ಎಲಿಮೆಂಟುಗಳು) ಒಂದರ ಹಿಂದೆ ಒಂದು ಅಳಿಸಿಹೋಗಿ ತೂತು ತಾನಾಗೇ ದೊಡ್ಡದಾಗುತ್ತಿತ್ತು. ಶುಕ್ರವಾರ ಹಾಕಿದ ರನ್ ನಿಲ್ಲಿಸಲು ಮರೆತು ಸೋಮವಾರ ನಲವತ್ತು ಸಾವಿರ ಚಿಲ್ಲರೆ ಕ್ಲೌಡ್ ಬಿಲ್ ಬಂತು. ಅಂಚಿನ ಫೇಲ್ಯೂರ್ ಸ್ಟ್ರೇನ್ (ಎಷ್ಟು ಹಿಗ್ಗಿದರೆ ಹರಿಯುತ್ತದೆ ಅನ್ನೋ ಅಂಕಿ) ಹೇಗೆ ಹಿಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಂದು ವರ್ಷ ಅದಕ್ಕೇ ಕೊಟ್ಟಿದ್ದೇನೆ. ತೂತಿನ ವ್ಯಾಸ ಬಿಡಿ, ಅಂಚಿನ ಗಡಸುತನ ಅಳೆಯಿರಿ ಅಂತಷ್ಟೇ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಬ್ಬರಿನಂಥ ಪಾಲಿಯೂರಿಯಾ ಲೇಪ ತಗಡಿನ ಹಿಂಬದಿಗೆ ಬಳಿದರೆ ಉಪಯೋಗ ಕಂಡಿತು, ಮುಂಬದಿಗೆ ಬಳಿದದ್ದು ದಂಡ. ತೆಂಗಿನ ನಾರಿನ ಬೋರ್ಡ್ ಹಗುರ, ಆದರೆ ಚೂರು ಅದರಲ್ಲಿ ನಿಲ್ಲಲಿಲ್ಲ. ಎರಡು ತಗಡಿನ ನಡುವೆ ನೀರಿನ ಚೀಲ ಇಟ್ಟಾಗ ಚೂರು ನೀರಲ್ಲೇ ನಿಂತಿತು. ಹಿಂದಿನ ತಗಡು ಮಾತ್ರ ನೀರಿನ ತಳ್ಳುವಿಕೆಗೆ ಚೆನ್ನಾಗಿಯೇ ಉಬ್ಬಿತು. ಎರಡನೇ ಮಹಾಯುದ್ಧದ ಅಮೆರಿಕದ ಬ್ಯಾಟಲ್‌ಶಿಪ್‌ಗಳಲ್ಲಿ ಟಾರ್ಪಿಡೋ ತಡೆಗೆ ಎಣ್ಣೆ-ನೀರಿನ ಟ್ಯಾಂಕುಗಳ ಹಿಂದೆ ಖಾಲಿ ಟ್ಯಾಂಕ್ ಬಿಟ್ಟು ಈ ತಳ್ಳುವಿಕೆಗೆ ಜಾಗ ಯಾಕೆ ಕೊಡುತ್ತಿದ್ದರು ಅಂತ ಆಗ ಕಣ್ಣಾರೆ ತಿಳಿಯಿತು.

ಹಿರಿಯರಿಗೆ ನಾಲ್ಕೂ ತಗಡಿನ ಫೋಟೋ, ಪಕ್ಕದಲ್ಲಿ ಮಾಡೆಲ್‌ನ ಚಿತ್ರ ಕಳಿಸಿದೆ. ಅವರು ಕೇಳಿದ್ದು ಐದನೆಯದನ್ನು. ಅದು ತೂತಿನ ಸಾಲು ಬಿಟ್ಟು ತಗಡನ್ನು ಬಿಗಿಹಿಡಿಯುವ ಕ್ಲಾಂಪಿನ ಬೋಲ್ಟ್ ಹತ್ತಿರ ಸೀಳಿದೆ. ಮುಂದಿನ ವಾರ ಬೋಲ್ಟ್‌ಗಳನ್ನು ಎಂಟರಿಂದ ಹನ್ನೆರಡಕ್ಕೆ ಏರಿಸಿ ಮತ್ತೆ ಹೊಡೆಸುತ್ತಿದ್ದೇನೆ.