ಗಂಜಿ ಕೇಂದ್ರಕ್ಕೆ ಹೋದವರು ಮೊದಲು ಚಿಲಕ ನೋಡಿ

ಮಲಪ್ರಭಾ ದಂಡೆಯ ಊರುಗಳಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾದವಳು ನಾನು. 2009ರ ನೆರೆ ಕಂಡಿದ್ದೇನೆ, 2019ರ ಆಗಸ್ಟ್ ತಿಂಗಳದ್ದನ್ನೂ ಕಂಡಿದ್ದೇನೆ. ಎರಡನೆಯ ಸಲ ಮಹಾರಾಷ್ಟ್ರದ ಮಳೆಗೆ ಕೃಷ್ಣೆ ಉಕ್ಕಿದಳು, ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ನಮ್ಮ ಮಲಪ್ರಭೆ ಊರು ಹೊಕ್ಕಳು. ಪಟ್ಟದಕಲ್ಲಿನ ಗುಡಿಗಳನ್ನೂ ನೀರು ಬಿಡಲಿಲ್ಲ. ಊರಿಗೆ ಊರೇ ಗಂಟುಮೂಟೆ ಹೊತ್ತು ದಿಬ್ಬದ ಮೇಲಿನ ಶಾಲೆಗೆ ಬಂದು ಕೂತಿತ್ತು. ಸರ್ಕಾರದ ಕಾಗದದಲ್ಲಿ ಈಗ ಅದಕ್ಕೆ ಕಾಳಜಿ ಕೇಂದ್ರ ಅನ್ನುತ್ತಾರೆ. ಜನರ ಬಾಯಲ್ಲಿ ಅದು ಇನ್ನೂ ಗಂಜಿ ಕೇಂದ್ರವೇ.

ಮಳೆಗಾಲ ಬಂತೆಂದರೆ ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಫೋನ್ ಹಚ್ಚುತ್ತಾರೆ. "ಮೇಡಂ, ಕ್ಯಾಂಪಿನ್ಯಾಗ ಹೆಣ್ಮಕ್ಕಳಿಗೆ ಏನೇನು ಅಪಾಯ ಅದ ಅಂತ ಸರ್ವೇ ಮಾಡಬೇಕಾಗೇದ, ಏನು ಕೇಳೋಣು?" ಕೇಳುವುದಕ್ಕೆ ಏನೂ ಇಲ್ಲವ್ವ, ಮೊದಲು ನೋಡು ಅನ್ನುತ್ತೇನೆ. ಫೋನಿನಲ್ಲಿ ಅಷ್ಟೇ ಹೇಳಿದರೆ ಅರ್ಥವಾಗುವುದಿಲ್ಲ, ಅದಕ್ಕೇ ಇದನ್ನು ಬರೆದದ್ದು.

ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. 2009ರಲ್ಲಿ ಒಂದು ಶಾಲೆಯ ಪಡಸಾಲೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿ, ಕೈಯಲ್ಲಿ ಫಾರಂ ಹಿಡಿದು, "ಯಾರಿಗಾದರೂ ಯಾರಿಂದಾದರೂ ತೊಂದರೆ ಆಗೇದೇನು?" ಎಂದು ಕೇಳಿದೆ. ಬಾಗಿಲಲ್ಲಿ ಊರಿನ ಇಬ್ಬರು ಹಿರಿಯರು ನಿಂತಿದ್ದರು. ಎಲ್ಲರೂ ಇಲ್ಲ ಅಂದರು. ಒಬ್ಬ ಹುಡುಗಿ ಮಾತ್ರ ಉತ್ತರ ಕೊಡದೆ ನನ್ನ ಮುಖ ನೋಡಿದಳು, ಸಭೆ ಮುಗಿದ ಮೇಲೆ ನನ್ನ ಹಿಂದೆಯೇ ಹತ್ತು ಹೆಜ್ಜೆ ಬಂದಳು. ಅವಳ ಮಾತು ನಾನು ಕೇಳಿಸಿಕೊಳ್ಳುವಷ್ಟರಲ್ಲಿ ಜೀಪು ಬಂತು, ಹೊರಟುಬಿಟ್ಟೆ. "ಆಕೀಗೆ ಏನ ಹೇಳಿದಿ?" ಎಂದು ಆ ರಾತ್ರಿ ಅವಳ ಅಣ್ಣ ಅವಳನ್ನು ಹೊಡೆದನಂತೆ. ಅವಳು ನನಗೇನೂ ಹೇಳಿರಲಿಲ್ಲ. ನನ್ನ ಫಾರಂನಲ್ಲಿ ಆ ಕೇಂದ್ರದ ಎದುರು "ಪ್ರಕರಣ: ಸೊನ್ನೆ" ಎಂದಿತ್ತು.

ಅಂದಿನಿಂದ ನನ್ನ ನಿಯಮ ಇಷ್ಟು: ಯಾರಿಗೂ "ನಿನಗೇನಾಯಿತು" ಎಂದು ಕೇಳಬೇಡಿ. ನೆಲೆ ತಪ್ಪಿದ ಜನ ಒಂದೆಡೆ ಸೇರಿದ್ದಾರೆ ಅಂದಮೇಲೆ ಹೆಣ್ಣುಮಕ್ಕಳಿಗೆ ಕಾಟ ಇದ್ದೇ ಇರುತ್ತದೆ ಎಂದು ತಿಳಿದೇ ಕೆಲಸಕ್ಕೆ ಇಳಿಯಿರಿ. ಅದನ್ನು ಸಾಬೀತು ಮಾಡಲು ಒಬ್ಬಳ ಕತೆ ಬೇಕಿಲ್ಲ. ನೀವು ಹುಡುಕಬೇಕಾದದ್ದು ಕಾಟಕ್ಕೆ ದಾರಿಯಾಗುವ ಸಂದುಗೊಂದುಗಳನ್ನು.

ಹೊರಡುವ ಮುಂಚೆ

ನೋಡುವುದಕ್ಕೂ ಮುಂಚಿನ ಕೆಲಸವೊಂದಿದೆ. ನೀವು ಏನೂ ಕೇಳದಿದ್ದರೂ ಯಾವಳೋ ಒಬ್ಬಳು ಬಂದು ಹೇಳಿಬಿಡುತ್ತಾಳೆ. ಹೇಳಿದ ಮೇಲೆ ಅವಳನ್ನು ಎಲ್ಲಿಗೆ ಕಳಿಸುತ್ತೀರಿ? ಉತ್ತರ ಕೈಯಲ್ಲಿಲ್ಲದೆ ಕೇಂದ್ರದೊಳಗೆ ಕಾಲಿಡಬೇಡಿ.

ಹಿಂದಿನ ದಿನವೇ ಕೂತು ಫೋನ್ ಹಚ್ಚಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ ಇವಕ್ಕೆಲ್ಲ ಒಂದೇ ಕಡೆ ವ್ಯವಸ್ಥೆ ಇರುತ್ತದೆ, ಕೆಲವು ದಿನ ಉಳಿಯಲೂ ಬಹುದು. ತಾಲೂಕಿನಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ ಇದೆಯೇ, ಈ ವಾರ ಬಾಗಿಲು ತೆರೆದಿದೆಯೇ ಕೇಳಿ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಸಂರಕ್ಷಣಾಧಿಕಾರಿ. ಅವರಲ್ಲೇ ಎಷ್ಟೋ ಜನ ನೆರೆಯ ಗದ್ದಲದಲ್ಲಿ ಅದನ್ನು ಮರೆತಿರುತ್ತಾರೆ, ನೆನಪು ಮಾಡಿ.

ನಂಬರು ಬರೆದುಕೊಂಡರೆ ಸಾಲದು, ದಾರಿ ಕೇಳಿಕೊಳ್ಳಿ. 2019ರಲ್ಲಿ ನಮ್ಮ ಕಡೆ ಸೇತುವೆಗಳೇ ನೀರಿನಡಿ ಇದ್ದವು. ಕಾಗದದ ಮೇಲೆ ಹತ್ತಿರವಿದ್ದ ಆಸ್ಪತ್ರೆಗೆ ಹೋಗಲು ದಾರಿಯಿಲ್ಲ, ಇಪ್ಪತ್ತು ಮೈಲಿ ಸುತ್ತಿ ಹೋಗುವ ಇನ್ನೊಂದು ಊರಿನದಕ್ಕೆ ಬಸ್ಸಿತ್ತು. ಯಾವ ರಸ್ತೆ ತೆರೆದಿದೆ, ರಾತ್ರಿ ಗಾಡಿ ಯಾರು ಕೊಡುತ್ತಾರೆ, ಜೊತೆಗೆ ಯಾವ ಹೆಂಗಸು ಹೋಗುತ್ತಾಳೆ, ಆಸ್ಪತ್ರೆಯಲ್ಲಿ ಆ ರಾತ್ರಿ ಲೇಡಿ ಡಾಕ್ಟರ್ ಇದ್ದಾರೋ ಇಲ್ಲವೋ, ಈ ನಾಲ್ಕೂ ಗೊತ್ತಿದ್ದರೆ ಆ ನಂಬರಿಗೆ ಬೆಲೆ.

ಪೆನ್ನು ತೆಗೆಯದೆ ಒಂದು ಸುತ್ತು

ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ಆಗ ಸಾಹೇಬರು ಬರುವ ಹೊತ್ತು, ಎಲ್ಲವೂ ಗುಡಿಸಿ ಚೊಕ್ಕ ಇರುತ್ತದೆ. ನಸುಕಿನಲ್ಲಿ ಒಮ್ಮೆ, ದೀಪ ಹಚ್ಚುವ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ. ಹಾಲಿನ ಪುಡಿಯೋ ಮಕ್ಕಳ ತೂಕವೋ ಏನಾದರೂ ನೆಪ ಇರಲಿ.

ಮೊದಲು ಶೌಚಾಲಯ. ಚಿಲಕ ಒಳಗಿನಿಂದ ಬೀಳುತ್ತದೆಯೇ? ನೀವೇ ಒಳಗೆ ಹೋಗಿ ಹಾಕಿ ನೋಡಿ. ನಾನು ನೋಡಿದ ಒಂದು ಶಾಲೆಯಲ್ಲಿ ಹೊರಗಿನ ಕೊಂಡಿ ಗಟ್ಟಿಮುಟ್ಟಾಗಿತ್ತು, ಒಳಗಿನದು ಕಿತ್ತುಹೋಗಿ ಎರಡು ತೂತು ಮಾತ್ರ ಉಳಿದಿತ್ತು. ಅಂದರೆ ಒಳಗಿದ್ದವಳು ಮುಚ್ಚಿಕೊಳ್ಳಲಾರಳು, ಹೊರಗಿದ್ದವನು ಅವಳನ್ನು ಕೂಡಿಹಾಕಬಲ್ಲ. ಆ ತೂತಿಗೆ ಹೆಂಗಸರು ಸೀರೆಯ ಅಂಚು ಹರಿದು ಪೋಣಿಸಿ, ಒಂದು ತುದಿಯನ್ನು ಕೈಯಲ್ಲಿ ಎಳೆದು ಹಿಡಿದು ಕೂರುತ್ತಿದ್ದರು. ಮೂರು ದಿನದಲ್ಲಿ ಎಷ್ಟು ಅಧಿಕಾರಿಗಳು ಬಂದು ಹೋಗಿದ್ದರೋ, ಆ ಬಾಗಿಲನ್ನು ಒಬ್ಬರೂ ಒಳಗಿನಿಂದ ನೋಡಿರಲಿಲ್ಲ.

ಜಳಕದ ಜಾಗವನ್ನೂ ಹಾಗೆಯೇ. ಕಂಬಕ್ಕೆ ಕಂಬಕ್ಕೆ ಸೀರೆ ಕಟ್ಟಿ ಮರೆ ಮಾಡಿಕೊಂಡಿರುತ್ತಾರೆ. ನೆಲದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ನೀವು ಒಳಗೆ ಬಕೆಟ್ ಬೋರಲು ಹಾಕಿ ಕೂತು ತಲೆ ಎತ್ತಿ ನೋಡಿ. ಶಾಲೆಯ ಮಾಳಿಗೆ ಕಂಡರೆ, ಮಾಳಿಗೆಯಿಂದ ನೀವೂ ಕಾಣುತ್ತೀರಿ. ಆ ಮೆಟ್ಟಿಲಿಗೆ ಅವತ್ತೇ ಬೀಗ ಹಾಕಿಸಿ, ಕೀಲಿ ಒಬ್ಬ ಹೆಣ್ಣುಮಗಳ ಕೈಯಲ್ಲಿರಲಿ.

ಲೆಕ್ಕಕ್ಕೆ ಒಂದಿಷ್ಟು ಅಳತೆ ತಲೆಯಲ್ಲಿಟ್ಟುಕೊಳ್ಳಿ, ತಹಶೀಲ್ದಾರರ ಮುಂದೆ ಅಂಕಿಯೇ ಮಾತಾಡುವುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ ತಲೆಗೆ 3.5 ಚದರ ಮೀಟರ್ ಜಾಗ, 30 ಜನಕ್ಕೆ ಒಂದು ಶೌಚಾಲಯ, ಅದು 50 ಮೀಟರ್ ಒಳಗೆ. ಹೆಂಗಸರಿಗೆ ಶೌಚಾಲಯ, ಜಳಕದ ಮನೆ ಎರಡೂ ಬೇರೆ ಇರಬೇಕು. 3.5 ಚದರ ಮೀಟರ್ ಅಂದರೆ ಹೆಚ್ಚು ಕಡಿಮೆ ಆರಡಿಗೆ ಆರಡಿ, ಒಂದು ಚಾಪೆ, ಒಂದು ಗಂಟು. ಇಪ್ಪತ್ತಡಿ ಉದ್ದಗಲದ ತರಗತಿಗೆ ಹತ್ತು ಜನ. ನಾನು ಎಣಿಸಿದ ಕೋಣೆಯಲ್ಲಿ ಮೂವತ್ತೆರಡು ಜನ ಮಲಗಿದ್ದರು, ನಾಲ್ಕು ಮನೆತನ, ನಡುವೆ ಒಂದು ಪರದೆಯೂ ಇಲ್ಲ. ಹರೆಯದ ಹುಡುಗಿಯನ್ನು ಗೋಡೆಯ ಕಡೆ ಮಲಗಿಸಿ ಅವಳ ತಾಯಿ ಕೂತೇ ರಾತ್ರಿ ಕಳೆಯುತ್ತಿದ್ದಳು.

ಇನ್ನು ಕೀಲಿ ಯಾರ ಹತ್ತಿರ, ಅಡುಗೆ ಬಡಿಸುವವರು ಯಾರು, ದಾನದ ಲಾರಿ ಬಂದಾಗ ಮುಂದೆ ನುಗ್ಗುವವರು ಯಾರು, ಹಿಂದೆ ಉಳಿಯುವವರು ಯಾರು ಎಂಬುದನ್ನು ನೋಡಿ. ಪ್ಯಾಡ್‌ಗಳನ್ನು ಲಾರಿಯ ಮೇಲಿನಿಂದ ಗಂಡು ಹುಡುಗರು ಎಸೆದು, ಹಿಡಿದವಳ ಫೋಟೊ ತೆಗೆದದ್ದನ್ನು ಕಂಡಿದ್ದೇನೆ. ಮರುದಿನ ಲಾರಿ ಬಂದಾಗ ಒಬ್ಬಳೂ ಹೊರಗೆ ಬರಲಿಲ್ಲ. "ಡಿಮಾಂಡ್ ಇಲ್ರೀ" ಎಂದು ಉಳಿದದ್ದನ್ನು ವಾಪಸ್ ಒಯ್ದರು!

ಕೇಂದ್ರದೊಳಗೆ ಕಾಣದವರನ್ನೂ ಹುಡುಕಿ. ದಲಿತ ಕೇರಿಯವರು ಎಷ್ಟೋ ಕಡೆ ಶಾಲೆಯಲ್ಲಿರುವುದಿಲ್ಲ, ರಸ್ತೆ ಬದಿ ತಾಡಪಾಲು ಕಟ್ಟಿಕೊಂಡಿರುತ್ತಾರೆ. ಮಾಜಿ ದೇವದಾಸಿ ಹೆಂಗಸರು, ಗಂಡ ಬಿಟ್ಟವರು, ಜೋಗತಿಯರು ಗುಡಿಯ ಕಟ್ಟೆಯಲ್ಲೋ ಬಸ್ ನಿಲ್ದಾಣದಲ್ಲೋ ಇರುತ್ತಾರೆ. ಅಲ್ಲಿಗೂ ಹೋಗಿ ಅದೇ ಸುತ್ತು ಹಾಕಿ.

ಮಾತು

ಎರಡು ಸುತ್ತಾದ ಮೇಲೆ ಮಾತು. ಜನ ಕೂಡಿಸಬೇಡಿ. ರೊಟ್ಟಿ ಬಡಿಯುವ ಕಡೆ, ಪಾತ್ರೆ ತಿಕ್ಕುವ ಕಡೆ ಕೈ ಹಚ್ಚಿ ಕೂತುಕೊಳ್ಳಿ. ಗಂಡಸರ ಹತ್ತಿರವೂ ಮಾತಾಡಬೇಕು, ಬೇರೆಯಾಗಿ, ಬೇರೊಬ್ಬರು. ಪ್ರಶ್ನೆಗಳೆಲ್ಲ ಜಾಗದ ಮೇಲೆ, ಹೊತ್ತಿನ ಮೇಲೆ ಇರಲಿ. ನೀರಿಗೆ ಯಾವ ಹೊತ್ತಿಗೆ ಹೋಗುತ್ತೀರಿ? ಒಬ್ಬರೇ ಹೋಗಲಾರದ ಕಡೆ ಯಾವುದು? ಕತ್ತಲಾದ ಮೇಲೆ ಹುಡುಗಿಯರನ್ನು ಎಲ್ಲಿಗೆ ಕಳಿಸುವುದಿಲ್ಲ?

ನನಗೆ ಬಹಳ ಕೆಲಸಕ್ಕೆ ಬಂದ ಪ್ರಶ್ನೆ ಆ ಒಳಚಿಲಕ ಕಿತ್ತುಹೋದ ಶಾಲೆಯಲ್ಲಿದ್ದ ಒಂದು ಅಜ್ಜಿಯಿಂದ ಸಿಕ್ಕಿದ್ದು. ಬಾಯಿ ಒಣಗಿದೆ ಅನ್ನುತ್ತಿದ್ದಳು, ನೀರು ಕೊಟ್ಟೆ, ಬೇಡ ಅಂದಳು. "ಹೊತ್ತ ಇಳದ ಮ್ಯಾಲ ನೀರ ಕುಡ್ಯಾಂಗಿಲ್ರೀ ಬಾಯಾರ. ಕುಡದ್ರ ನಡರಾತ್ರ್ಯಾಗ ಹೊರಗ ಹೋಗಬೇಕಾಕ್ಕೈತಿ." ಸುತ್ತಲಿದ್ದ ಸೊಸೆಯಂದಿರೂ ತಲೆ ಆಡಿಸಿದರು. ಬಸುರಿಯೊಬ್ಬಳೂ ಅವರ ನಡುವೆ ಇದ್ದಳು. ಆಮೇಲೆ ಎಲ್ಲಿ ಹೋದರೂ ನನ್ನ ಮೊದಲ ಮಾತು, "ಸಂಜೀಕ ನೀರ ಕುಡೀತೀರೇನವಾ?" ಇದಕ್ಕೆ ಯಾವ ಹಿರಿಯರೂ ತಕರಾರು ತೆಗೆಯುವುದಿಲ್ಲ, ಯಾವ ಗಂಡನೂ ಸಂಶಯ ಪಡುವುದಿಲ್ಲ. ಉತ್ತರದಲ್ಲಿ ಮಾತ್ರ ಎಲ್ಲವೂ ಇರುತ್ತದೆ.

ಒಬ್ಬಳು ಹೇಳಿಕೊಂಡರೆ

ಮರೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಎಲ್ಲರ ಕಣ್ಣಿಗೆ ಬೀಳಬೇಡಿ. ಮಗುವಿನ ತೂಕ ಮಾಡುವ ನೆಪದಲ್ಲೇ ಮಾತು ನಡೆಯಲಿ. ಕೇಳಿಸಿಕೊಳ್ಳಿ, "ಯಾಕೆ ಹೋದಿ, ಯಾಕೆ ಕೂಗಲಿಲ್ಲ" ಅನ್ನಬೇಡಿ. ವಿವರ ಕೆದಕಬೇಡಿ, ಅದು ಡಾಕ್ಟರು, ಪೊಲೀಸರ ಕೆಲಸ. ನಿಮ್ಮ ಮುಂದೆ ಒಮ್ಮೆ, ಅವರ ಮುಂದೆ ಎರಡು ಸಲ ಅದನ್ನೇ ಹೇಳುವುದು ಅವಳಿಗೆ ಮತ್ತೆ ಮತ್ತೆ ಸುಡುವುದು.

ಅತ್ಯಾಚಾರವಾಗಿದ್ದರೆ ಗಡಿಯಾರ ನೋಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ನಿಲ್ಲದಂತೆ ಕೊಡುವ ಗುಳಿಗೆ ಬೇಗ ಸಿಕ್ಕಷ್ಟು ಒಳ್ಳೆಯದು. ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. "ಮೊದಲು ಎಫ್‌ಐಆರ್ ತನ್ನಿ" ಅಂದರೆ ಹಾಗೆ ಕಾನೂನಿಲ್ಲ ಎಂದು ಗಟ್ಟಿಯಾಗಿ ಹೇಳಿ. ಆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ ಎಂಬುದನ್ನು ಹೊರಡುವ ಮುಂಚೆಯೇ ಅವಳಿಗೆ ಹೇಳಿರಿ, ಅಲ್ಲಿ ಖಾಕಿ ಕಂಡು ಗಾಬರಿಯಾಗಬಾರದು. ದೂರು ಕೊಡುವುದಾದರೆ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ, ತನ್ನ ಊರಿನ ಠಾಣೆ ಮುಳುಗಿದೆ ಎಂದು ಕಾಯಬೇಕಿಲ್ಲ. ಜಳಕ ಆಗಿಹೋಗಿದ್ದರೂ, ಬಟ್ಟೆ ಒಗೆದಿದ್ದರೂ ಆಸ್ಪತ್ರೆಗೆ ಹೋಗಬಹುದು, ಹೋಗಬೇಕು.

ಹದಿನೆಂಟು ತುಂಬದವಳಾದರೆ ಲೆಕ್ಕ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯಂತೆ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ನೀವೂ. "ಯಾರಿಗೂ ಹೇಳಾಂಗಿಲ್ಲ, ಹೇಳು" ಎಂದು ಅವಳಿಗೆ ಮಾತು ಕೊಟ್ಟು ಆಮೇಲೆ ಮುರಿಯಬೇಡಿ. ಮೊದಲೇ ಹೇಳಿ: ಇದನ್ನು ನಾನು ಒಬ್ಬರಿಗೆ ಹೇಳಬೇಕಾಗುತ್ತದೆ, ನಿನ್ನ ಜೊತೆ ನಾನಿರುತ್ತೇನೆ. ದೊಡ್ಡವರ ವಿಷಯದಲ್ಲಿ ತೀರ್ಮಾನ ಅವಳದು. ಅವಳು ಬೇಡ ಅಂದರೆ ನಂಬರು ಕೊಟ್ಟು ಸುಮ್ಮನಿರಿ.

ಆ ನಂಬರಿನ ಚೀಟಿಯ ಬಗ್ಗೆಯೂ ಒಂದು ಮಾತು. 181 ಒಂದನ್ನೇ ಬರೆದು ಕೊಟ್ಟರೆ ಗಂಡನ ಕೈಗೆ ಸಿಕ್ಕ ದಿನ ಹೊಡೆತ ಗ್ಯಾರಂಟಿ. ನಾವು ಒಂದೇ ಹಾಳೆಯಲ್ಲಿ ರೇಷನ್, ಗ್ಯಾಸ್, ದನದ ಡಾಕ್ಟರು, ವಿದ್ಯುತ್ ಕಚೇರಿ ಎಲ್ಲ ಬರೆದು ನಡುವೆ 181 ಸೇರಿಸುತ್ತಿದ್ದೆವು. ಮನೆ ಮನೆಗೂ ಅದೇ ಹಾಳೆ.

ಬರೆದುಕೊಳ್ಳುವಾಗ ಹೆಸರು ಬೇಡ, ಮನೆತನ ಬೇಡ, ವಾಟ್ಸ್ಆ್ಯಪ್ ಗ್ರೂಪಿಗಂತೂ ಬೇಡವೇ ಬೇಡ. "ಪೂರ್ವ ಬದಿಯ ಶೌಚಾಲಯ, ಒಳಚಿಲಕ ಇಲ್ಲ, ದೀಪ ಇಲ್ಲ, ಯಾರು ಯಾವತ್ತು ಸರಿ ಮಾಡುವುದು." ವರದಿ ಅಂದರೆ ಇಷ್ಟೇ.

ಟಿವಿಯವರು ಹೋದ ಮೇಲೆ

ನೀರು ಇಳಿದು ಜನ ಪತ್ರಾಸ್, ಅಂದರೆ ತಗಡಿನ, ಶೆಡ್ಡಿಗೆ ಹೋದ ಮೇಲೆ ಮತ್ತೆ ಹೋಗಿ. ನನ್ನ ಅನುಭವದಲ್ಲಿ ಕಠಿಣ ದಿನಗಳು ಆಗಲೇ ಶುರುವಾಗುವುದು. 2019ರಲ್ಲಿ ಕುಟುಂಬಕ್ಕೆ 10,000 ರೂಪಾಯಿ ತುರ್ತು ಪರಿಹಾರ ಬಂತು. ಖಾತೆ ಗಂಡನ ಹೆಸರಿನಲ್ಲಿದ್ದ ಎಷ್ಟೋ ಮನೆಗಳಲ್ಲಿ ಆ ವಾರ ಪಾತ್ರೆಯೂ ಬರಲಿಲ್ಲ, ಹಿಟ್ಟೂ ಬರಲಿಲ್ಲ, ಕುಡಿಯುವ ಸೆರೆ ಮಾತ್ರ ಬಂತು. ಬೇರೆ ಬದುಕುತ್ತಿದ್ದ ಹೆಣ್ಣುಮಗಳ ಹೆಸರು ಇನ್ನೂ ಗಂಡನ ರೇಷನ್ ಕಾರ್ಡಿನಲ್ಲೇ ಇದ್ದದ್ದರಿಂದ ಅವಳಿಗೆ ಏನೂ ಇಲ್ಲ. ಸರ್ವೇ ಪಟ್ಟಿ ಬರೆಯುವ ದಿನ ಅಲ್ಲಿರಿ, ಅಂಥವರ ಹೆಸರು ಬೇರೆ ಬರೆಸಿ. ಶಾಲೆ ಬಿಟ್ಟ ಹದಿನೈದರ ಹುಡುಗಿಯ ಮದುವೆ ಮಾತು ಶೆಡ್ಡಿನಲ್ಲಿ ಬೇಗ ಕುದುರುತ್ತದೆ. "ತಗಡಿನ ಬಾಗಲಾ, ಹೆಣ್ಣ ಮಗಳ್ನ ಹೆಂಗ ಇಟಗೊಳ್ಳಲೀ" ಅನ್ನುವ ತಂದೆಗೆ ಕಾನೂನು ಹೇಳುವುದರ ಜೊತೆಗೆ ಹಾಸ್ಟೆಲ್‌ನಲ್ಲಿ ಒಂದು ಸೀಟು ಹುಡುಕಿ ಕೊಡಿ.

ಚಿಲಕದ ಕತೆ ಅರ್ಧಕ್ಕೆ ಬಿಟ್ಟೆ. ಅವತ್ತೇ ಊರಿನ ಬಡಿಗೇರನನ್ನು ಕರೆಸಿ ನಾಲ್ಕು ಬಾಗಿಲಿಗೆ ಒಳಚಿಲಕ ಹೊಡೆಸಿದೆವು, ಹಾದಿಗೆ ಎರಡು ಬಲ್ಬು ಹಾಕಿಸಿದೆವು. ಮೂರನೆಯ ದಿನ ಸಂಜೆ ಹೋಗಿ ಅದೇ ಅಜ್ಜಿಯನ್ನು ಕೇಳಿದೆ, ಈಗ ನೀರು ಕುಡಿಯುತ್ತೀಯೇನವ್ವ ಎಂದು.

"ನಿನ್ನೀ ಕುಡದಿದ್ದೆ," ಅಂದಳು. "ಇವತ್ತ ಬಲ್ಬ ಹೋಗೇತಿ."

ಅಂದಿನಿಂದ ನನ್ನ ಚೀಲದಲ್ಲಿ ಎರಡು ಬಲ್ಬು ಇದ್ದೇ ಇರುತ್ತವೆ.